ಕ್ರ್ಯಾಶ್ ಕೋರ್ಸ್‌ಗೆ ಫೀಸು ಕಟ್ಟುವ ಮುಂಚೆ

ಪಿಯು ಪರೀಕ್ಷೆ ಮುಗಿಯುವ ಹೊತ್ತಿಗೆ ದಾವಣಗೆರೆ ತುಂಬಾ ಸಿಇಟಿ ಕ್ರ್ಯಾಶ್ ಕೋರ್ಸ್ ಬೋರ್ಡುಗಳೇ. ಜಗಳೂರು, ಹೊನ್ನಾಳಿ ಕಡೆಯಿಂದ ಮಕ್ಕಳನ್ನು ಕಳಿಸುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಕೇಳಿ: ಓಎಂಆರ್ ಶೀಟ್ (ಉತ್ತರಕ್ಕೆ ವೃತ್ತ ತುಂಬುವ ಹಾಳೆ) ಕೊಟ್ಟು, ಟೈಮ್ ಇಟ್ಟು ಟೆಸ್ಟ್ ಮಾಡಿಸುತ್ತೀರಾ? ಇಲ್ಲ ಅಂದರೆ ಬೇರೆ ಕಡೆ ನೋಡಿ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ವೃತ್ತ ತುಂಬುವುದೂ ಅದರಲ್ಲೇ ಆಗಬೇಕು. ಬಾಲ್‌ಪೆನ್ನಲ್ಲಿ ತುಂಬಿದ್ದನ್ನು ಅಳಿಸಲು ಆಗುವುದಿಲ್ಲ. 17ನೇ ಪ್ರಶ್ನೆ ಬಿಟ್ಟು, 18ರ ಉತ್ತರವನ್ನು 17ರ ಸಾಲಿಗೆ ತುಂಬಿದರೆ ಅಲ್ಲಿಂದ ಮುಂದೆ ಎಲ್ಲಾ ತಪ್ಪು. ಐದೈದು ಪ್ರಶ್ನೆಗೊಮ್ಮೆ ನಂಬರ್ ತಾಳೆ ನೋಡುವುದು ಮನೆಯಲ್ಲೇ ರೂಢಿಯಾಗಲಿ. ಸಿಇಟಿಯಲ್ಲಿ ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಹಾಗಲ್ಲ, ತಪ್ಪು ಉತ್ತರಕ್ಕೆ 1 ಅಂಕ ಹೋಗುತ್ತದೆ.

ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕದ್ದು ಅಲ್ವಾ? ವರ್ಷವಿಡೀ ಬರೀ ವೃತ್ತ ತುಂಬಿಸುವ ಕೋಚಿಂಗ್ ನನಗಂತೂ ಸರಿ ಕಾಣುವುದಿಲ್ಲ. ಪಿಯು ಪರೀಕ್ಷೆಗೆ ಡೆರಿವೇಶನ್‌ಗಳನ್ನು (ಸೂತ್ರ ಹೇಗೆ ಬಂತು ಅನ್ನುವುದನ್ನು) ಚಿತ್ರ ಸಮೇತ ಬರೆದೇ ಕಲಿಯಲಿ.

ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆಗಳು ಅದನ್ನು ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ಅವನ್ನು ಪ್ರಿಂಟ್ ಹಾಕಿಸಿ ಮಾಡಿಸಿ, ಕೋರ್ಸ್ ಬೇಕಾ ಬೇಡವಾ ಆಮೇಲೆ ನೋಡಿ.