ಹಳೇ ಎಂಎಕ್ಸ್-5ರ ಬ್ಯಾಟರಿ ಬದಲಾಯಿಸುವಾಗ ಆ ಸಣ್ಣ ಪೈಪನ್ನು ಮರೆಯಬೇಡಿ

ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ಬಾನೆಟ್ ಎತ್ತಿ ಬ್ಯಾಟರಿ ಹುಡುಕಿದರೆ ಸಿಗುವುದಿಲ್ಲ. ಅದು ಹಿಂದೆ ಡಿಕ್ಕಿಯಲ್ಲಿ, ಬಲಗಡೆ ಮೂಲೆಯಲ್ಲಿ ಕೂತಿರುತ್ತದೆ. 1989ರಲ್ಲಿ ಬಂದ ಈ ಎರಡು ಸೀಟಿನ ಪುಟ್ಟ ಕಾರಿನಲ್ಲಿ ಮುಂದಿನ ತೂಕ, ಹಿಂದಿನ ತೂಕ ಹೆಚ್ಚುಕಮ್ಮಿ ಸಮ ಇರಲಿ ಅಂತ ಮಾಡಿದ ಏರ್ಪಾಡು ಅದು. ಬಿಚ್ಚಿ ಹಾಕುವ ಕೆಲಸ ಕಷ್ಟದ್ದಲ್ಲ, ಒಂದು 10 ಎಂಎಂ ಸ್ಪಾನರ್ ಇದ್ದರೆ ಮುಕ್ಕಾಲು ಪಾಲು ಮುಗಿದ ಹಾಗೆ. ಆದರೆ ಬ್ಯಾಟರಿ ಮುಚ್ಚಿದ ಡಿಕ್ಕಿಯೊಳಗೆ ಇದೆಯಲ್ಲ, ಅದರಿಂದಾಗಿ ಬೇರೆ ಕಾರುಗಳಲ್ಲಿ ನಡೆದುಹೋಗುವ ಅಸಡ್ಡೆ ಇಲ್ಲಿ ನಡೆಯುವುದಿಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹೊಸದು ತರುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯಾ ನೋಡಿ. ಕೀ ತಿರುಗಿಸಿದರೆ ಕಟಕಟ ಅಂದು ಸುಮ್ಮನಾಯಿತು ಅಂದ ಮಾತ್ರಕ್ಕೆ ಬ್ಯಾಟರಿ ಹೋಯಿತು ಅಂತ ಅಲ್ಲ, ಟರ್ಮಿನಲ್ ಸಡಿಲ ಇದ್ದರೂ ಹಾಗೇ ಆಗುತ್ತದೆ. ಕಾರು ಒಂದು ರಾತ್ರಿ ನಿಂತ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.4 ಇದ್ದರೆ ಮುಕ್ಕಾಲು. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಖಾಲಿ. ಚಾರ್ಜರ್ ಹಾಕಿ ತುಂಬಿಸಿ, ಆಮೇಲೆ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. ತುಂಬಿದ ಬ್ಯಾಟರಿಯೂ ಆ ಹೊತ್ತಿನಲ್ಲಿ ಸುಮಾರು 9.6ಕ್ಕಿಂತ ಕೆಳಗೆ ಜಾರಿದರೆ ಅದರ ಕಾಲ ಮುಗಿದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ತೊಂದರೆ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನದು ಇರಬಹುದು, ಅದನ್ನು ಸರಿ ಮಾಡದೆ ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಈಗ ಯಾವ ಬ್ಯಾಟರಿ ಅನ್ನುವ ಪ್ರಶ್ನೆ. ಈ ಕಾರಿಗೆ ಕಂಪನಿಯಿಂದ ಬಂದದ್ದೇ ಸೀಲ್ ಮಾಡಿದ ಎಜಿಎಂ ಬ್ಯಾಟರಿ. ಅಂದರೆ ಒಳಗೆ ಆಸಿಡ್ ಸುಮ್ನೆ ತುಳುಕುತ್ತಿರುವುದಿಲ್ಲ, ಗಾಜಿನ ನಾರಿನ ಹಾಸು ಅದನ್ನು ಹೀರಿ ಹಿಡಿದಿರುತ್ತದೆ. ನೀವೂ ಅದೇ ಜಾತಿಯದನ್ನೇ ಹಾಕಿ. ಎಷ್ಟು ಶಕ್ತಿಯದು ಅನ್ನುವುದಕ್ಕಿಂತ ಮೊದಲು ಮೂರು ವಿಷಯ ನೋಡಬೇಕು. ಟ್ರೇಯಲ್ಲಿ ಸರಿಯಾಗಿ ಕೂರುತ್ತದಾ? ಪ್ಲಸ್, ಮೈನಸ್ ಯಾವ ಬದಿಗಿವೆ? ಉಲ್ಟಾ ಇದ್ದರೆ ವೈರು ಎಟುಕುವುದಿಲ್ಲ, ಎಳೆದು ಎಟುಕಿಸಲು ಹೋಗಬಾರದು. ಮೂರನೆಯದು ಟರ್ಮಿನಲ್ ಕಂಬದ ದಪ್ಪ. ಜಪಾನಿನ ಕಾರುಗಳಲ್ಲಿ ಬಳಸುವ ಸಣ್ಣ ಕಂಬದಲ್ಲಿ ಪ್ಲಸ್ 14.7 ಎಂಎಂ, ಯುರೋಪಿನ ದಪ್ಪ ಕಂಬದಲ್ಲಿ ಪ್ಲಸ್ 17.5 ಎಂಎಂ ಆಸುಪಾಸು. ವೈರಿನ ತುದಿಯಲ್ಲಿ ಕಂಬವನ್ನು ಹಿಡಿಯುವ ಸಣ್ಣ ಕ್ಲಾಂಪನ್ನು ದಪ್ಪ ಕಂಬಕ್ಕೆ ಸುತ್ತಿಗೆಯಲ್ಲಿ ಬಡಿದು ಕೂರಿಸುವವರಿದ್ದಾರೆ. ದಯವಿಟ್ಟು ಬೇಡ, ಕಂಬದ ಬುಡ ಒಳಗೇ ಬಿರುಕು ಬಿಡುತ್ತದೆ. ಕ್ಲಾಂಪೇ ದೊಡ್ಡದಾಗಿ ಬ್ಯಾಟರಿ ಕಂಬ ಸಣ್ಣದಾದರೆ ಅದಕ್ಕೆಂದೇ ಸೀಸದ ತೊಡುಗೆ ಸಿಗುತ್ತದೆ, ಹಾಕಿಕೊಳ್ಳಿ.

ಇನ್ನು ಗಾಳಿ ಪೈಪಿನ ವಿಷಯ. ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ಅತಿಯಾಗಿ ಚಾರ್ಜ್ ಆದಾಗ, ಒಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಆಗುತ್ತದೆ. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಾನೆಟ್ ಕೆಳಗಾದರೆ ಗಾಳಿ ಆಡುತ್ತದೆ, ಹಾರಿಹೋಗುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ಎಲ್ಲಿಗೆ ಹೋಗಬೇಕು? ಅದಕ್ಕೇ ಬ್ಯಾಟರಿಯ ಪಕ್ಕದಲ್ಲಿರುವ ಸಣ್ಣ ಬಾಯಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಡಿಕ್ಕಿಯ ತಳದ ತೂತಿನಿಂದ ಕೆಳಗೆ ಬಿಟ್ಟಿರುತ್ತಾರೆ. ಎಜಿಎಂ ಸೀಲ್ ಆಗಿರುತ್ತಲ್ಲ, ಪೈಪು ಯಾಕೆ ಅಂತ ಕೆಲವರು ಕೇಳುತ್ತಾರೆ. ಎಲ್ಲ ಸರಿ ಇದ್ದಾಗ ಆ ಅನಿಲ ಒಳಗೇ ಮತ್ತೆ ನೀರಾಗುತ್ತದೆ, ನಿಜ. ಆದರೆ ಕಾರಿಗೆ ಮೂವತ್ತು ವರ್ಷ ದಾಟಿದೆ, ಅಲ್ವಾ? ಆಲ್ಟರ್ನೇಟರಿನ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿ ತುಂಬಿಸಲು ಶುರು ಮಾಡಿದರೆ ಒಳಗಿನ ವಾಲ್ವ್ ತೆರೆದು ಅನಿಲ ಹೊರಗೆ ಬಂದೇ ಬರುತ್ತದೆ. ಆದ್ದರಿಂದ ಪೈಪಿಗೆ ಬಾಯಿ ಇಲ್ಲದ ಬ್ಯಾಟರಿಯನ್ನು ಈ ಕಾರಿಗೆ ತರಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬಿಚ್ಚುವ ಕ್ರಮ ನೋಡೋಣ. ರೇಡಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಕೀ ತೆಗೆದು ಡಿಕ್ಕಿಯಲ್ಲಿ ಅಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಿ. ಕೈಯಲ್ಲಿ ಉಂಗುರ, ಬಳೆ, ಲೋಹದ ವಾಚು ಇದ್ದರೆ ತೆಗೆಯಿರಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಮೊದಲು ಮೈನಸ್ ಬಿಚ್ಚಬೇಕು. ಇದಕ್ಕೆ ಕಾರಣ ಗೊತ್ತಿದ್ದರೆ ಕ್ರಮ ಮರೆಯುವುದಿಲ್ಲ. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿಕೊಂಡಿದೆ. ಪ್ಲಸ್ ಮೇಲಿರುವ ಸ್ಪಾನರ್ ಡಿಕ್ಕಿಯ ತಗಡಿಗೆ ತಾಗಿದರೆ ನೇರ ಶಾರ್ಟ್, ನೂರಾರು ಆಂಪಿಯರ್ ಹರಿದು ಸ್ಪಾನರ್ ಅಲ್ಲೇ ಬೆಸೆದುಕೊಳ್ಳಬಹುದು. ಆ ಮೂಲೆಯಲ್ಲಿ ಜಾಗ ಬೇರೆ ಕಮ್ಮಿ. ಮೈನಸ್ ಮೊದಲೇ ಬಿಟ್ಟಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಬಿಚ್ಚಿದ ವೈರಿಗೆ ಒಂದು ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿ ಇಡಿ, ಅದು ತನ್ನಷ್ಟಕ್ಕೇ ವಾಪಸ್ ಬಂದು ತಾಗುವ ಸ್ವಭಾವದ್ದು. ಕ್ಲಾಂಪ್ ಬಿಡದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ನಟ್ ಪೂರ್ತಿ ಸಡಿಲಿಸಿ ಎಡಕ್ಕೂ ಬಲಕ್ಕೂ ತಿರುಗಿಸುತ್ತ ಮೇಲೆತ್ತಿ.

ಅಂದ ಹಾಗೆ ಕೈಯಲ್ಲಿರುವುದು 1967ಕ್ಕಿಂತ ಹಿಂದಿನ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಆದರೆ ಲೆಕ್ಕ ತಿರುಗುತ್ತದೆ. ಅದರಲ್ಲಿ ಬಾಡಿಗೆ ಸೇರಿರುವುದು ಪ್ಲಸ್. ಹಾಗಾಗಿ ಯಾವ ವೈರು ಬಾಡಿಗೆ ಹೋಗಿದೆಯೋ ಅದನ್ನೇ ಮೊದಲು ಬಿಚ್ಚಬೇಕು. ಆ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಇರುತ್ತವೆ, ಅದರ ಕಥೆಯೇ ಬೇರೆ.

ಪ್ಲಸ್ ಬಿಚ್ಚಿ, ಗಾಳಿ ಪೈಪು ಎಳೆದು, ಹಿಡಿದಿಟ್ಟಿರುವ ಪಟ್ಟಿಯ ನಟ್ ತೆಗೆದರೆ ಬ್ಯಾಟರಿ ಬರುತ್ತದೆ. ಸಣ್ಣದಾಗಿ ಕಂಡರೂ ಹತ್ತು ಕಿಲೋ ಆಸುಪಾಸು ಇರುತ್ತದೆ, ಬಗ್ಗಿ ಕೈ ಚಾಚಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಬಂಪರಿನ ಮೇಲೆ ದಪ್ಪ ಬಟ್ಟೆ ಹಾಸಿ, ಹತ್ತಿರ ನಿಂತು ಎತ್ತಿ.

ಈಗ ಟ್ರೇ ನೋಡಿ, ಆತುರ ಬೇಡ. ಬ್ಯಾಟರಿ ಕೂತಿದ್ದ ಜಾಗದಲ್ಲಿ ಪೇಂಟ್ ಉಬ್ಬಿ ಹಪ್ಪಳದ ಹಾಗೆ ಗುಳ್ಳೆ ಎದ್ದಿದ್ದರೆ, ಕ್ಲಾಂಪಿನ ಬುಡದಲ್ಲಿ ಬಿಳಿ ಅಥವಾ ಮೈಲುತುತ್ತದ ಬಣ್ಣದ ಪುಡಿ ಕೂತಿದ್ದರೆ, ಆಸಿಡ್ ಯಾವಾಗಲೋ ಹೊರಗೆ ಬಂದಿದೆ ಅಂತ ಅರ್ಥ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಳೇ ಬ್ರಷ್‌ನಲ್ಲಿ ಹಚ್ಚಿ. ಬುಸ್ ಅಂತ ನೊರೆ ಬಂದರೆ ಆಸಿಡ್ ಇನ್ನೂ ಇದೆ. ನೊರೆ ನಿಲ್ಲುವ ತನಕ ಹಚ್ಚಿ, ನೀರಲ್ಲಿ ಒರೆಸಿ, ಒಣಗಿಸಿ. ಗುಳ್ಳೆ ಎದ್ದ ಪೇಂಟ್ ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಮತ್ತು ಪೇಂಟ್ ಹೊಡೆದು ಒಣಗಿದ ಮೇಲೇ ಹೊಸ ಬ್ಯಾಟರಿ ಕೂರಿಸಿ. ಅದಕ್ಕೆ ಒಂದು ದಿನ ಜಾಸ್ತಿ ಹಿಡಿದರೂ ಹಿಡಿಯಲಿ. ಬ್ಯಾಟರಿ ಯಾವಾಗ ಬೇಕಾದರೂ ಸಿಗುತ್ತದೆ, ಆ ತಗಡು ತೂತಾದರೆ ವೆಲ್ಡಿಂಗ್ ಕೆಲಸ.

ಪೈಪು ಕಟ್ಟಿಕೊಂಡಿದೆಯಾ ಅಂತಲೂ ಈಗಲೇ ನೋಡಬೇಕು. ಕೆಳಗಿನ ಬಾಯಿಯಲ್ಲಿ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಬಾಯಿಟ್ಟು ಊದಬೇಡಿ, ಒಳಗೆ ಆಸಿಡ್ ಇರಬಹುದು. ಸೈಕಲ್ ಪಂಪ್ ಸಾಕು. ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಬ್ಯಾಟರಿಗೆ ಎರಡು ಬದಿಯಲ್ಲೂ ಬಾಯಿ ಇದ್ದರೆ ಎರಡಕ್ಕೂ ಪೈಪು ಹಾಕಿ, ಒಂದೇ ಪೈಪು ಸಾಕು ಅಂತ ತಯಾರಕರು ಹೇಳಿದ್ದರೆ ಇನ್ನೊಂದಕ್ಕೆ ಮುಚ್ಚಳ ಇರಲೇಬೇಕು. ಪೈಪಿನ ತುದಿಯಲ್ಲಿರುವ ಎಲ್-ಆಕಾರದ ತುಂಡನ್ನು ಬ್ಯಾಟರಿಯ ಬಾಯಿಗೆ ಒತ್ತಿ ಕೂರಿಸಿ, ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ, ಬರಬಾರದು. ಪೈಪು ಬ್ಯಾಟರಿಯ ಕೆಳಗೆ ಸಿಕ್ಕಿ ಚಪ್ಪಟೆ ಆಗಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ, ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ.

ಆಮೇಲೆ ಹಿಡಿದಿಡುವ ಪಟ್ಟಿ ಬಿಗಿ ಮಾಡಿ. ಕೈಯಲ್ಲಿ ಅಲುಗಿಸಿದರೆ ಬ್ಯಾಟರಿ ಅಲುಗಬಾರದು. ವೈರು ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಂಬ, ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವ ಹಾಗೆ ಉಜ್ಜಿರಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲಿನ್ ಸವರಿ. ಪ್ಲಸ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ, ಡಿಕ್ಕಿಯಲ್ಲಿ ಟೂಲ್ಸ್ ಇಡುವವರಿಗೆ ಇದು ಬೇಕೇ ಬೇಕು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಇದ್ದಾಗಿನ ಎಂಜಿನ್ ವೇಗ, ಸ್ವಲ್ಪ ಏರಿಳಿದರೆ ಗಾಬರಿ ಬೇಡ. ಕರೆಂಟ್ ತಪ್ಪಿದಾಗ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ತಾನು ಕಲಿತದ್ದನ್ನು ಮರೆತಿರುತ್ತದೆ, ಎಂಜಿನ್ ಬಿಸಿಯಾಗಿ ಸ್ವಲ್ಪ ದೂರ ಓಡಿದ ಮೇಲೆ ಸರಿಹೋಗುತ್ತದೆ. ಓಡುತ್ತಿರುವಾಗಲೇ ಮತ್ತೊಮ್ಮೆ ಮೀಟರ್ ಇಟ್ಟು ವೋಲ್ಟೇಜ್ ನೋಡಿ.

ಹೊಸ ಬ್ಯಾಟರಿಯೂ ಎರಡು ಮೂರು ವಾರ ನಿಂತರೆ ಇಳಿಯುತ್ತಿದ್ದರೆ ಕಾರು ಸುಮ್ಮನೆ ನಿಂತಾಗಲೂ ಏನೋ ಕರೆಂಟ್ ಕುಡಿಯುತ್ತಿದೆ. ಮೈನಸ್ ವೈರಿನ ನಡುವೆ ಆಂಪಿಯರ್ ಅಳತೆಗೆ ಇಟ್ಟ ಮೀಟರ್ ಸೇರಿಸಿ ನೋಡಿ. 50 ಮಿಲಿಆಂಪಿಯರ್ ತನಕ ಒಪ್ಪಬಹುದು. ಆದರೆ ಅಷ್ಟಕ್ಕೂ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತದೆ, 30 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ 25 ದಿನಕ್ಕೆ ಖಾಲಿ. ಅದಕ್ಕಿಂತ ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋಗಿ, ಯಾವುದನ್ನು ಕಿತ್ತಾಗ ಇಳಿಯುತ್ತದೋ ಕಳ್ಳ ಅಲ್ಲೇ ಇದ್ದಾನೆ. ಕಾರು ಅಪರೂಪಕ್ಕೆ ಓಡಿಸುವವರು ಎಜಿಎಂಗೆ ಹೊಂದುವ ಮೇಂಟೇನರ್ ಚಾರ್ಜರ್, ಅಂದರೆ ನಿಂತ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಚಾರ್ಜರ್, ಸಿಕ್ಕಿಸಿಡಿ.

ಹಳೇ ಬ್ಯಾಟರಿಯನ್ನು ಮಲಗಿಸದೆ ನೆಟ್ಟಗೇ ಇಟ್ಟು, ಟರ್ಮಿನಲ್‌ಗೆ ಟೇಪ್ ಸುತ್ತಿ, ಹೊಸದು ಕೊಂಡ ಕಡೆಯೇ ಕೊಡಿ. ಅದರೊಳಗಿನ ಸೀಸ ಕರಗಿ ಮತ್ತೆ ಬ್ಯಾಟರಿಯೇ ಆಗುತ್ತದೆ.