ಹೆಸರಿನ ಖಾನೆಯಲ್ಲಿ ಒಂದು ಗಂಟೆ

ಸಾಫ್ಟ್‌ವೇರ್ ಪರೀಕ್ಷಿಸುವ ಟೀಮಿಗೆ ಹೊಸದಾಗಿ ಬಂದವರಿಗೆ ‘ಎಕ್ಸ್‌ಪ್ಲೊರೇಟರಿ ಟೆಸ್ಟಿಂಗ್ ಮಾಡಿ’ ಎಂದರೆ ಆಪ್ ತೆರೆದು ಸಿಕ್ಕಸಿಕ್ಕಲ್ಲಿ ಒತ್ತುತ್ತಾ ಕೂರುತ್ತಾರೆ. ಸಂಜೆ ವಿಚಾರಿಸಿದರೆ ‘ಎಲ್ಲಾ ನೋಡಿದೆ ಸರ್, ಚೆನ್ನಾಗಿದೆ’. ಏನು ನೋಡಿದರೋ ಅವರಿಗೇ ನೆನಪಿರುವುದಿಲ್ಲ. 1984ರಲ್ಲಿ ಟೆಸ್ಟಿಂಗ್ ತಜ್ಞ ಸೆಮ್ ಕೇನರ್ ಹೆಸರಿಟ್ಟ ಈ ವಿಧಾನದಲ್ಲಿ ಸಾಫ್ಟ್‌ವೇರನ್ನು ಅರಿಯುತ್ತಾ, ಅರಿತದ್ದರಿಂದಲೇ ಮುಂದಿನ ಪರೀಕ್ಷೆ ಹೆಣೆಯುತ್ತಾ ಹೋಗಬೇಕು.

1. ಸಮಯ ಕಟ್ಟಿಕೊಳ್ಳಿ. 2000ದಲ್ಲಿ ಟೆಸ್ಟಿಂಗ್ ತಜ್ಞರಾದ ಜೇಮ್ಸ್ ಮತ್ತು ಜೊನಾಥನ್ ಬಾಕ್ ಸಹೋದರರು ರೂಪಿಸಿದ ಕ್ರಮದಲ್ಲಿ ಒಂದು ಸೆಷನ್ (ಅಡ್ಡಿಯಿಲ್ಲದೆ ಕೂತು ಪರೀಕ್ಷಿಸುವ ಅವಧಿ) ಸುಮಾರು 90 ನಿಮಿಷ. ಹೊಸಬರಿಗೆ ಒಂದು ಗಂಟೆ ಸಾಕು. ಫೋನ್ ಸೈಲೆಂಟ್.

2. ಒಂದೇ ವಾಕ್ಯದ ಚಾರ್ಟರ್ (ಈ ಸೆಷನ್‌ನಲ್ಲಿ ಏನು ಹುಡುಕಬೇಕೆಂಬ ಗುರಿ) ಬರೆಯಿರಿ. ‘ಬುಕಿಂಗ್ ಪುಟ ನೋಡು’ ಎಂದರೆ ಸಮುದ್ರಕ್ಕಿಳಿದಂತೆ. ‘20 ಅಕ್ಷರ ಟೈಪ್ ಮಾಡು’ ಎಂದರೆ ಹುಡುಕಲು ಏನೂ ಉಳಿಯಲಿಲ್ಲ. ಬಸ್ ಟಿಕೆಟ್ ಆಪ್‌ ಒಂದಕ್ಕೆ ನಾನು ಬರೆದದ್ದು: ‘ಹೆಸರಿನ ಖಾನೆಯನ್ನು ಕನ್ನಡದ ಹೆಸರುಗಳಿಂದ ಕೆದಕಿ, ಯಾರಿಗೆ ಟಿಕೆಟ್ ಸಿಗುವುದಿಲ್ಲ ಪತ್ತೆ ಮಾಡು.’

3. ಜಾಡು ಹಿಡಿಯಿರಿ. ಎಲ್ಲರೂ ಎಡವುವುದು ಇಲ್ಲೇ. ‘ಕಮಲ’ ಹಾಕಿದೆ, ಖಾನೆ ಒಪ್ಪಿಕೊಂಡಿತು. ‘ಕಾವೇರಿ’ಗೆ ‘ಅಕ್ಷರಗಳನ್ನು ಮಾತ್ರ ಬಳಸಿ’ ಎಂಬ ಕೆಂಪು ಸಾಲು ಬಂತು. ಹೊಸಬರು ಕೂಡಲೇ ಬಗ್ (ದೋಷ) ದಾಖಲಿಸಿ ಮುಂದೆ ಹೋಗುತ್ತಾರೆ. ಹೋಗಬೇಡಿ. ಎರಡಕ್ಕೂ ವ್ಯತ್ಯಾಸವೇನು? ಕಮಲದಲ್ಲಿ ಗುಣಿತ ಚಿಹ್ನೆ ಇಲ್ಲ. ಕಂಪ್ಯೂಟರು ಲಿಪಿಗಳನ್ನು ಗುರುತಿಸಲು ಬಳಸುವ ಯುನಿಕೋಡ್‌ನಲ್ಲಿ ‘ಕಾ’ ಎಂದರೆ ಕ ಮತ್ತು ದೀರ್ಘದ ಚಿಹ್ನೆ. ಆ ಚಿಹ್ನೆಯ ವರ್ಗವೇ ಬೇರೆ, ಅಕ್ಷರದ ಪಟ್ಟಿಯಲ್ಲಿಲ್ಲ. ಅನುಮಾನ ನಿಜವೇ ಎಂದು ನೋಡಲು ಒಂದೇ ಒಂದು ಬದಲಾವಣೆ ಮಾಡಿ: ‘ಕಮಲಾ’. ಅದೂ ತಿರಸ್ಕೃತವಾದರೆ ಕಳ್ಳ ಸಿಕ್ಕಿದ. ಅಲ್ಲಿಂದ ‘ಲಕ್ಷ್ಮಿ’ಗೆ ಬನ್ನಿ. ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಏಳು. ಖಾನೆಯ ಮಿತಿ ಯಾವ ಲೆಕ್ಕದ್ದು? ಸರ್‌ನೇಮ್ ಕಡ್ಡಾಯವಾದರೆ ಬರೀ ಇನಿಷಿಯಲ್ ಇರುವ ನಮ್ಮವರು ಏನು ತುಂಬಬೇಕು? ಇನಿಷಿಯಲ್ ಪಕ್ಕದ ಚುಕ್ಕಿಯನ್ನೂ ಒತ್ತಿ ನೋಡಿ. ಹೆಸರು ಮುಂದೆ ಎಸ್ಸೆಮ್ಮೆಸ್ಸಿಗೂ ಹೋಗುತ್ತದೆ: ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಸಂದೇಶ ಕನ್ನಡ ಸೇರಿದ ಕೂಡಲೇ 70ಕ್ಕೆ ಇಳಿಯುತ್ತದೆ.

4. ಮಾಡುತ್ತಲೇ ಬರೆದುಕೊಳ್ಳಿ: ಹಾಕಿದ್ದೇನು, ಆದದ್ದೇನು, ಹುಟ್ಟಿದ ಪ್ರಶ್ನೆ ಯಾವುದು. ರೂಲ್ಡ್ ನೋಟ್‌ಬುಕ್ಕೇ ಆಗಬೇಕು. ಹದಿನೈದು ಕಾಲಮ್ಮಿನ ಎಕ್ಸೆಲ್ ಟೆಂಪ್ಲೇಟ್ ತುಂಬುವಷ್ಟರಲ್ಲಿ ಜಾಡು ತಣ್ಣಗಾಗಿರುತ್ತದೆ. ಸ್ಕ್ರೀನ್ ರೆಕಾರ್ಡ್ ಮಾಡುವ ದುಬಾರಿ ಟೂಲ್‌ಗಳಿವೆ. ಆ ಒಂದು ಗಂಟೆಯ ವಿಡಿಯೊ ಕೂತು ನೋಡಿದವರನ್ನು ನಾನಂತೂ ಕಂಡಿಲ್ಲ. (ಎಐ ಕೊಡುವ ಐವತ್ತು ಟೆಸ್ಟ್‌ಗಳ ಪಟ್ಟಿಯನ್ನು ಸೆಷನ್ ಮುಗಿದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ಅದರಲ್ಲಿರುವುದಷ್ಟೇ ಕಣ್ಣಿಗೆ ಬೀಳುತ್ತದೆ.)

5. ಬಗ್ ದಾಖಲಿಸಿ.

6. ಪಕ್ಕದ ಸೀಟಿನವರಿಗೆ ಹತ್ತು ನಿಮಿಷ ವರದಿ ಒಪ್ಪಿಸಿ. ನೋಡದೆ ಬಿಟ್ಟದ್ದನ್ನು ಮೊದಲು ಹೇಳಿ. ನಾನು ಹಾಗೆ ಹೇಳುವಾಗ ‘ಟಿಕೆಟ್‌ ಪಿಡಿಎಫ್ ತೆರೆದು ನೋಡಿದ್ರಾ?’ ಎಂದು ಸಹೋದ್ಯೋಗಿ ಕೇಳಿದರು. ತೆರೆದರೆ ‘ಕಮಲ’ ಇರಬೇಕಾದ ಜಾಗದಲ್ಲಿ ಖಾಲಿ ಚೌಕಗಳು. ಮರುದಿನದ ಚಾರ್ಟರ್ ಅದೇ ಆಯಿತು.