ಹೊಸ ಪಾರ್ಕ್ ನೋಡಿ ಬಂದವರ ಮಾತು ಕೇಳುವುದು ಹೇಗೆ? ಬದಿಯಡ್ಕದ ಟಿಕೆಟ್ ಮೇಜಿನಿಂದ

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಟ್ರಾವೆಲ್ ಏಜೆನ್ಸಿ. ಮೊದಲೆಲ್ಲ ದುಬೈ, ಶಾರ್ಜಾ, ದೋಹಾ ಅಷ್ಟೇ. ಈಗ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಅಪ್ಪ ಅಮ್ಮಂದಿರೂ ಜಾಸ್ತಿ ಆಗಿದ್ದಾರೆ. ಅಲ್ಲಿಗೆ ಹೋದ ಮೇಲೆ ಡಿಸ್ನಿಗೆ ಒಂದು ದಿನ ಇದ್ದೇ ಇರುತ್ತದೆ. ಮೊಮ್ಮಗನಿಗೆ ರೈಡ್ ಬೇಕು. ಮಗನಿಗೆ ಸ್ಟಾರ್ ವಾರ್ಸ್ ಬೇಕು. ಅಜ್ಜನಿಗೆ ಕೂತುಕೊಳ್ಳಲಿಕ್ಕೆ ಒಂದು ಬೆಂಚು ಸಿಕ್ಕಿದರೆ ಸಾಕು. ಹಾಗಾಗಿ ಟಿಕೆಟ್ ಮಾತಾಡುವಾಗಲೇ ಕೇಳುತ್ತಾರೆ, "ಹೊಸತಾಗಿ ಏನೋ ಓಪನ್ ಆಗಿದೆಯಂತಲ್ಲ, ನೋಡಿದವರು ಏನು ಹೇಳ್ತಾರೆ?"

ನೋಡಿದವರು ಬೇಕಾದಷ್ಟು ಹೇಳುತ್ತಾರೆ ಮಾರಾಯ್ರೆ. ಫೋನ್ ತೆಗೆದರೆ ವಿಡಿಯೊಗಳ ರಾಶಿ. ಒಬ್ಬ ಕಣ್ಣೀರು ಹಾಕುತ್ತಾನೆ, ಇನ್ನೊಬ್ಬ ದುಡ್ಡು ದಂಡ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದರಲ್ಲಿ ನಿಮಗೆ ಬೇಕಾದ್ದು ಯಾವುದು ಅಂತ ಹೆಕ್ಕುವುದೇ ಕೆಲಸ. ನಾನು ಹೆಕ್ಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಡ್ಜ್ ತೆಗೆದುಕೊಂಡಿದ್ದೇನೆ, ಸ್ಟಾರ್ ವಾರ್ಸ್ ಸಿನಿಮಾಗಳ ಲೋಕದ ಹಾಗೆ ಡಿಸ್ನಿ ಪಾರ್ಕಿನೊಳಗೆ ಕಟ್ಟಿದ ಒಂದು ಭಾಗ. ಅದು ಇವತ್ತಿನ ಹೊಸತಲ್ಲ, ಬೇಕೆಂದೇ ಆರಿಸಿದ್ದು. ಅದು ತೆರೆದ ಹೊತ್ತಿನಲ್ಲಿ ಜನ ಹೇಳಿದ್ದರಲ್ಲಿ ಯಾವುದು ನಿಂತಿತು, ಯಾವುದು ಬಿದ್ದು ಹೋಯಿತು ಅಂತ ಈಗ ಗೊತ್ತಿದೆ.

ಮೊದಲು ತಾರೀಕು ನೋಡಿ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಇರುವ ಡಿಸ್ನಿಲ್ಯಾಂಡಿನಲ್ಲಿ ಇದು ತೆರೆದದ್ದು 2019ರ ಮೇ 31ಕ್ಕೆ. ಫ್ಲೋರಿಡಾದಲ್ಲಿ ಇಂಥದೇ ಇನ್ನೊಂದು ಅದೇ ವರ್ಷ ಆಗಸ್ಟ್ 29ಕ್ಕೆ. ಒಂದೊಂದೂ 14 ಎಕರೆ. (ಇದನ್ನು ಕೇಳಿದ ನೀರ್ಚಾಲು ಕಡೆಯ ಭಟ್ರೊಬ್ಬರು, "ಹದಿನಾಲ್ಕು ಎಕರೆಗೂ ಅಡಿಕೆ ಹಾಕಬಹುದಿತ್ತು" ಅಂದರು.) ಮೇ 29ರ ರಾತ್ರಿ ಉದ್ಘಾಟನೆಗೆ ಸಿನಿಮಾದ ನಟರಾದ ಹ್ಯಾರಿಸನ್ ಫೋರ್ಡ್, ಮಾರ್ಕ್ ಹ್ಯಾಮಿಲ್, ಸಿನಿಮಾವನ್ನು ಹುಟ್ಟುಹಾಕಿದ ಜಾರ್ಜ್ ಲ್ಯೂಕಸ್ ಎಲ್ಲ ಬಂದಿದ್ದರು. ಆ ದಿನದ ವಿಡಿಯೊ ಈಗಲೂ ಸಿಗುತ್ತದೆ. ನೋಡಿ ಖುಷಿಪಡಿ, ಆದರೆ ಅದರಿಂದ ಲೆಕ್ಕ ಹಾಕಬೇಡಿ. ಅವತ್ತು ಒಳಗಿದ್ದವರು ಕರೆದ ಅತಿಥಿಗಳು. ಅವರಿಗೆ ಕ್ಯೂ ಇಲ್ಲ, ಬಿಸಿಲೂ ಇಲ್ಲ.

ಆಮೇಲಿನ ವಾರಗಳ ಮಾತಿಗೂ ಒಂದು ಓರೆ ಇದೆ. ಜೂನ್ 23ರವರೆಗೆ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ, ಅದೂ ನಾಲ್ಕು ಗಂಟೆ. ಅಂಥ ಬುಕಿಂಗ್‌ಗೆ ಕಾದು ಕೂತು ಹಿಡಿದವರು ಯಾರು? ಚಿಕ್ಕಂದಿನಿಂದ ಆ ಸಿನಿಮಾವನ್ನೇ ಉಸಿರಾಡಿದವರು. ಸಿನಿಮಾದ ಬಾಹ್ಯಾಕಾಶ ಹಡಗು ಮಿಲೇನಿಯಂ ಫಾಲ್ಕನ್ ಪೂರ್ತಿ ಗಾತ್ರದಲ್ಲಿ ಕಣ್ಣೆದುರು ನಿಂತಾಗ ಅವರು ಅತ್ತರು. ಆ ಅಳು ನಿಜ. ನಿಮ್ಮ ಅತ್ತೆಯವರು ಅದರ ಮುಂದೆ ನಿಂತರೆ "ಇದು ಹಾಳಾದ ವಿಮಾನವಾ?" ಅಂತ ಕೇಳಬಹುದು. ಅದೂ ನಿಜ.

ಇನ್ನೊಂದು ತಮಾಷೆ ನೋಡಿ. ತೆರೆಯುವ ಮೊದಲು ಎಲ್ಲರೂ ಹೇಳಿದ್ದು, ಕಾಲಿಡಲು ಜಾಗ ಇರುವುದಿಲ್ಲ ಅಂತ. ಆ ಹೆದರಿಕೆಗೇ ಎಷ್ಟೋ ಜನ ಆ ಬೇಸಿಗೆಯಲ್ಲಿ ಹೋಗಲಿಲ್ಲ. ಎಣಿಸಿದಷ್ಟು ಜನ ಸೇರಲಿಲ್ಲ. ಕೂಡಲೇ ಅದೇ ಬಾಯಿಗಳು "ಫ್ಲಾಪ್" ಅಂದವು. ಆಗ ಅಲ್ಲಿ ಇದ್ದದ್ದು ಒಂದೇ ರೈಡ್, ಫಾಲ್ಕನ್ ಓಡಿಸುವ ಸ್ಮಗ್ಲರ್ಸ್ ರನ್. ದೊಡ್ಡ ರೈಡ್ ರೈಸ್ ಆಫ್ ದಿ ರೆಸಿಸ್ಟೆನ್ಸ್ ಬಂದದ್ದು ಫ್ಲೋರಿಡಾಕ್ಕೆ 2019ರ ಡಿಸೆಂಬರ್ 5ಕ್ಕೆ, ಕ್ಯಾಲಿಫೋರ್ನಿಯಾಕ್ಕೆ 2020ರ ಜನವರಿ 17ಕ್ಕೆ. ಬಂದ ಮೇಲೆ ಫೋನಿನಲ್ಲಿ ಹಾಕುವ ಸರದಿ ಬೆಳಗ್ಗೆ ಕೆಲವೇ ನಿಮಿಷಗಳಲ್ಲಿ ಭರ್ತಿಯಾಗುತ್ತಿತ್ತು. ಅಂದರೆ ಜೂನ್ ತಿಂಗಳ "ಏನೂ ಇಲ್ಲ" ಮತ್ತು ಜನವರಿಯ "ಸಿಗುವುದೇ ಇಲ್ಲ" ಎರಡೂ ಒಂದೇ ಜಾಗದ ಬಗ್ಗೆ. ಹೊಸ ಜಾಗದ ದೂರು ಓದುವಾಗ ಕೇಳಿಕೊಳ್ಳಿ: ಇದು ಇನ್ನೂ ಪೂರ್ತಿ ಆಗದ ಕಾಲದ್ದಾ? ಆಮೇಲೆ ಸರಿಯಾಗಿದೆಯಾ?

ದೂರು ಎಲ್ಲಿಂದ ಬಂತು ಅಂತ ನೋಡಿ

ಹೊಗಳಿಕೆಗಿಂತ ನನಗೆ ದೂರುಗಳೇ ಜಾಸ್ತಿ ಉಪಯೋಗ. ಆದರೆ ದೂರು ತಲೆಯಿಂದ ಬಂತಾ, ಮೊಣಕಾಲಿನಿಂದ ಬಂತಾ, ಪರ್ಸಿನಿಂದ ಬಂತಾ ಅಂತ ಬೇರೆ ಮಾಡಿಕೊಳ್ಳಬೇಕು.

ತಲೆಯಿಂದ ಬರುವ ದೂರು ಅಭಿಮಾನಿಯದ್ದು. ತೆರೆದಾಗ ಈ ಜಾಗದ ಕಥೆ ನಡೆಯುತ್ತಿದ್ದದ್ದು ಬಟೂ ಅನ್ನುವ ಕಲ್ಪನೆಯ ಗ್ರಹದಲ್ಲಿ, ಹೊಸ ಮೂರು ಸಿನಿಮಾಗಳ ಕಾಲದಲ್ಲಿ. ಹಾಗಾಗಿ ಆ ಸಿನಿಮಾಗಳ ರೇ, ಕೈಲೋ ರೆನ್, ಚ್ಯೂಬಾಕಾ ವೇಷದವರು ಇದ್ದರು. ಹಳೇ ಸಿನಿಮಾಗಳ ಖಳನಾಯಕ ಡಾರ್ತ್ ವೇಡರ್ ಇರಲಿಲ್ಲ. ಹಳೇ ಅಭಿಮಾನಿಗಳಿಗೆ ಇದು ಹೊಟ್ಟೆಯುರಿ. ಸಿನಿಮಾದ ಆ ಪ್ರಸಿದ್ಧ ಸಂಗೀತವೂ ಆಗ ಬೀದಿಯಲ್ಲಿ ಕೇಳುತ್ತಿರಲಿಲ್ಲ ಅಂತ ಇನ್ನೊಂದು ಬೇಸರ. ಸಿನಿಮಾಕ್ಕೆ ಸಂಗೀತ ಬರೆದ ಜಾನ್ ವಿಲಿಯಮ್ಸ್ ಈ ಜಾಗಕ್ಕೆಂದೇ ಒಂದು ಹೊಸ ಸಂಗೀತ ಬರೆದು ಅದಕ್ಕೆ 2020ರಲ್ಲಿ ಗ್ರ್ಯಾಮಿ ಬಂತು, ಆದರೂ ಬೇಸರ ಹೋಗಲಿಲ್ಲ. 2022ರಲ್ಲಿ ಡಿಸ್ನಿಲ್ಯಾಂಡಿನವರು ಸ್ಟಾರ್ ವಾರ್ಸ್ ಟಿವಿ ಸರಣಿಯ ಮ್ಯಾಂಡಲೋರಿಯನ್ ಮತ್ತು ಪುಟ್ಟ ಗ್ರೋಗುವನ್ನು ಬೀದಿಗೆ ತಂದರು. ಆಗ ಅದೇ ಅಭಿಮಾನಿಗಳು ಮಗುವನ್ನು ನೋಡಿದ ಹಾಗೆ ಕರಗಿಹೋದರು. ನಿಮ್ಮ ಮನೆಯಲ್ಲಿ ವೇಡರ್ ಯಾರು ಅಂತ ಗೊತ್ತಿರುವವರು ಒಬ್ಬರೂ ಇಲ್ಲದಿದ್ದರೆ ಈ ಜಗಳವನ್ನೆಲ್ಲ ಬಿಟ್ಟು ಮುಂದೆ ಹೋಗಿ. ಇದ್ದರೆ ಅವರೇ ಓದಲಿ.

ಮೊಣಕಾಲಿನ ದೂರನ್ನು ಮಾತ್ರ ಅಕ್ಷರ ಅಕ್ಷರ ಓದಿ. ನೆರಳು ಕಡಿಮೆ, ಕೂರಲು ಜಾಗ ಸಾಲದು ಅಂತ ಮೊದಲ ದಿನದಿಂದ ಹೇಳಿದವರಿದ್ದಾರೆ. ಇವರು ಕಟ್ಟಾ ಅಭಿಮಾನಿಗಳೇ ಆಗಿದ್ದರೆ ಇನ್ನೂ ಒಳ್ಳೆಯದು. ಇಷ್ಟಪಟ್ಟು ಹೋದವನಿಗೇ ಕಾಲು ನೋವಾಗಿದೆ ಅಂದರೆ ಭಟ್ರಿಗೆ ಆಗದೇ ಇರುತ್ತದಾ?

ಅಂಥ ಮಾತು ಹುಡುಕುವುದು ಹೀಗೆ. ಜಾಗದ ಹೆಸರಿನ ಜೊತೆ ರಿವ್ಯೂ ಅಂತ ಹೊಡೆಯಬೇಡಿ. ವೀಲ್‌ಚೇರ್, ಸ್ಟ್ರಾಲರ್, ಮಂಡಿನೋವು, ವಾಂತಿ ಇಂಥ ಶಬ್ದಗಳನ್ನು ಇಂಗ್ಲಿಷಿನಲ್ಲಿ ಸೇರಿಸಿ ಹುಡುಕಿ. ನಿಮ್ಮಂಥವರು ಬರೆದದ್ದು ಅಲ್ಲೇ ಸಿಗುತ್ತದೆ.

ವಿಡಿಯೊ ನೋಡುವಾಗ ಮಾತಾಡುವವನ ಮುಖ ನೋಡಬೇಡಿ. ಮ್ಯೂಟ್ ಮಾಡಿ, ಅವನ ಹಿಂದೆ ನೋಡಿ. ಭಟ್ರ ಮಗಳು ಕಳಿಸಿದ ಒಂದು ವಿಡಿಯೊವನ್ನು ನಾನೂ ಅವರೂ ಹಾಗೆ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಮುಂದೆ ಹುಡುಗ ಕೈ ಬೀಸಿ ಕುಣಿಯುತ್ತಿದ್ದಾನೆ. ಹಿಂದೆ ಗೋಡೆಯ ಬುಡದಲ್ಲಿ ಒಂದು ಮೊಳ ಅಗಲದ ನೆರಳು. ಆ ನೆರಳಿನ ಗೆರೆ ಹಿಡಿದು ಒಂದು ಸಂಸಾರ ನೆಲದ ಮೇಲೆ ಸಾಲಾಗಿ ಕೂತಿದೆ. ಅಜ್ಜಿಯೊಬ್ಬರು ಮಡಚಿದ ಮ್ಯಾಪಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. "ಅಲ್ಲಿ ಬೆಂಚು ಇಲ್ವಾ?" ಅಂತ ಭಟ್ರು ಕೇಳಿದರು. "ಉಂಟು ಮಾವ, ಸಾಲದು" ಅಂದೆ. ಪಾರ್ಕಿನ ಗೇಟಿನ ಹತ್ತಿರ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ ಅಂತ ಆಗಲೇ ಬರೆದುಕೊಂಡರು. ಹೋಗುವ ಹೊತ್ತನ್ನು ಮಧ್ಯಾಹ್ನದಿಂದ ಸಂಜೆಗೆ ತಳ್ಳಿದರು. ಆ ಹುಡುಗ ಬಾಯಲ್ಲಿ ಏನು ಹೇಳಿದ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ರೈಡ್ ಬಾಗಿಲಲ್ಲಿ ಕಾಯುವ ನಿಮಿಷದ ಬೋರ್ಡ್ ಇರುತ್ತದೆ. ವಿಡಿಯೊದಲ್ಲಿ ಅದು ಕಂಡರೆ ಅಲ್ಲೂ ನಿಲ್ಲಿಸಿ ನೋಡಿ.

ಪರ್ಸಿನ ದೂರಿನಲ್ಲಿ ಗಮನಿಸಬೇಕಾದ್ದು ಒಂದೇ: ಬೆಲೆ ಹಳೇದಾಗುತ್ತದೆ. ಅಲ್ಲಿ ಸಿನಿಮಾದ ಬೆಳಕಿನ ಕತ್ತಿ ಲೈಟ್‌ಸೇಬರನ್ನು ಕೈಯಾರೆ ಜೋಡಿಸಿಕೊಳ್ಳುವ ಅಂಗಡಿ ಇದೆ, ಸಾವೀಸ್ ವರ್ಕ್‌ಶಾಪ್. ತೆರೆದಾಗ 199.99 ಡಾಲರ್, ಮೇಲೆ ಟ್ಯಾಕ್ಸ್. ಆಗಲೇ ಬೊಬ್ಬೆ ಹೊಡೆದರು. ಆಮೇಲೆ ರೇಟು ಏರಿತೇ ಹೊರತು ಇಳಿಯಲಿಲ್ಲ. ಹಾಗಾಗಿ ದುಬಾರಿ ಅನ್ನುವ ಮಾತು ಇಟ್ಟುಕೊಳ್ಳಿ, ಸಂಖ್ಯೆಯನ್ನು ಮಾತ್ರ ಪಾರ್ಕಿನವರ ಹತ್ತಿರವೇ ನೋಡಿ.

ಎಲ್ಲಿ ಕೂತು ಹೇಳುತ್ತಿದ್ದಾರೆ?

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ. ಸ್ಮಗ್ಲರ್ಸ್ ರನ್ ಬಗ್ಗೆ ಓದಿದರೆ ಅರ್ಧ ಜನ "ಜನ್ಮ ಸಾರ್ಥಕ" ಅನ್ನುತ್ತಾರೆ, ಇನ್ನರ್ಧ "ಬೋರ್". ಇದೆಂಥ ಕಥೆ ಅಂತ ನೋಡಿದರೆ ವಿಷಯ ಸೀಟಿನದ್ದು. ಫಾಲ್ಕನ್ನಿನ ಕಾಕ್‌ಪಿಟ್‌ನಲ್ಲಿ ಆರು ಸೀಟು. ಮುಂದೆ ಇಬ್ಬರು ಪೈಲಟ್. ಒಬ್ಬ ಎಡ-ಬಲ ತಿರುಗಿಸುತ್ತಾನೆ, ಇನ್ನೊಬ್ಬ ಮೇಲೆ-ಕೆಳಗೆ. ಬಲಗಡೆಯವನಿಗೆ ಹಡಗನ್ನು ಒಮ್ಮೆಲೇ ಭಾರಿ ವೇಗಕ್ಕೆ ಹಾರಿಸುವ ಹೈಪರ್‌ಸ್ಪೇಸಿನ ಲಿವರ್ ಎಳೆಯುವ ಭಾಗ್ಯ. ಮಧ್ಯದಲ್ಲಿ ಇಬ್ಬರು ಗನ್ನರ್. ಹಿಂದೆ ಇಬ್ಬರು ಇಂಜಿನಿಯರ್. ಈ ನಾಲ್ವರ ಗುಂಡಿಗಳು ಪಕ್ಕದ ಗೋಡೆಯಲ್ಲಿವೆ. ಗುಂಡಿ ಒತ್ತಲು ತಲೆ ತಿರುಗಿಸಿದರೆ ಮುಂದಿನ ಪರದೆ ತಪ್ಪುತ್ತದೆ. ಪರದೆ ನೋಡಿದರೆ ಗುಂಡಿ ತಪ್ಪುತ್ತದೆ. "ಬೋರ್" ಅಂದವರಲ್ಲಿ ಎಷ್ಟೋ ಜನ ಹಿಂದಿನ ಸೀಟಿನವರು. ಬೇಗ ಆಗಲಿ ಅಂತ ಒಂಟಿಯಾಗಿ ಹತ್ತುವವರ ಸಿಂಗಲ್ ರೈಡರ್ ಸಾಲಿಗೆ ಹೋದರೆ ಸಾಮಾನ್ಯವಾಗಿ ಹಿಂದಿನ ಸೀಟೇ ಗತಿ. ಫಾಲ್ಕನ್ನಿನೊಳಗಿನ ಚೆಸ್ ಮೇಜಿನ ಕೋಣೆಯೂ ತಪ್ಪುತ್ತದೆ, ಅಭಿಮಾನಿಗಳು ಫೋಟೊ ತೆಗೆಯಲು ಮುಗಿಬೀಳುವುದು ಅಲ್ಲೇ.

ಹಾಗಾಗಿ ಮನೆಯವರೆಲ್ಲ ಒಟ್ಟಿಗೆ ಹೋಗಿ. ಸಿನಿಮಾ ಹುಚ್ಚು ಇರುವವರನ್ನು ಮುಂದೆ ಕೂರಿಸಿ. ಘಾಟಿಯಲ್ಲಿ ತಲೆ ತಿರುಗಿ ವಾಂತಿ ಮಾಡುವವರಿದ್ದರೆ ಅವರು ಹೊರಗೇ ಇರಲಿ, ಇದು ಅಲುಗಾಡುವ ರೈಡ್. ಚಿಕ್ಕ ಮಕ್ಕಳನ್ನು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ಬಿಡಿ: ಸ್ಮಗ್ಲರ್ಸ್ ರನ್‌ಗೆ 38 ಇಂಚು ಬೇಕು, ರೈಸ್‌ಗೆ 40. ಅಷ್ಟು ದೂರ ಹೋಗಿ ಬಾಗಿಲಲ್ಲಿ ಮಗು ಅಳುವುದನ್ನು ನೋಡಲಾಗುವುದಿಲ್ಲ.

ಕೆಲವರು ಗೊಣಗಿದ್ದು ಅಲ್ಲಿನ ಬೋರ್ಡುಗಳ ಬಗ್ಗೆ. ಅಂಗಡಿ ಹೆಸರನ್ನೆಲ್ಲ ಆರಬೆಶ್ ಅನ್ನುವ ಕಲ್ಪನೆಯ ಲಿಪಿಯಲ್ಲಿ ಬರೆದಿದ್ದಾರೆ, ಓದಲು ಆಗ ಡಿಸ್ನಿಯವರದ್ದೇ ಆ್ಯಪ್ ಬೇಕಿತ್ತು. ಮಲಯಾಳ ಬೋರ್ಡಿನ ಬಸ್ಸನ್ನು ಬಣ್ಣ ನೋಡಿ ಹತ್ತಿ ಬೆಳೆದ ಕಾಸರಗೋಡಿನವರಿಗೆ ಇದೊಂದು ಕಷ್ಟವೇ ಅಲ್ಲ. ಕೆಲಸದವರು "ಬ್ರೈಟ್ ಸನ್ಸ್" ಅಂದರೆ ಗಾಬರಿಯಾಗಬೇಡಿ, ಅದು ಆ ಊರಿನ ನಮಸ್ಕಾರ. ಟಾಯ್ಲೆಟ್‌ಗೆ ಅಲ್ಲಿ ರಿಫ್ರೆಶರ್ ಅನ್ನುತ್ತಾರೆ. ಅಜ್ಜಂದಿರಿಗೆ ಇದೊಂದನ್ನು ಕಲಿಸಿ ಕಳಿಸಿ.

ರುಚಿಯ ಜಗಳ ಬಿಡಿ, ಏನು ಹಾಕಿದ್ದಾರೆ ಅಂತ ಕೇಳಿ

ಅಲ್ಲಿನ ನೀಲಿ ಹಾಲು, ಹಸಿರು ಹಾಲಿನ ಬಗ್ಗೆ ಆದಷ್ಟು ಚರ್ಚೆ ರೈಡಿನ ಬಗ್ಗೆಯೂ ಆಗಿಲ್ಲವೋ ಏನೋ. ನೀಲಿ ಚೆನ್ನಾಗಿದೆ, ಹಸಿರು ಸೋಪಿನ ಹಾಗೆ, ಇಲ್ಲ ಹಸಿರೇ ಮೇಲು. ಇದರಲ್ಲಿ ನಮಗೆ ಬೇಕಾದ ಸಂಗತಿ ಒಂದೇ. ಅದು ಹಸುವಿನ ಹಾಲೇ ಅಲ್ಲ, ತೆಂಗಿನ ಹಾಲು ಮತ್ತು ಅಕ್ಕಿ ಹಾಲು ಸೇರಿಸಿ ಐಸ್ ಮಾಡಿದ್ದು. ಇದನ್ನು ಹೇಳಿದ್ದೇ ಭಟ್ರಿಗೆ ಧೈರ್ಯ ಬಂತು. ತೆರೆದಾಗ ಒಂದು ಗ್ಲಾಸಿಗೆ 7.99 ಡಾಲರ್ ಇತ್ತು ಅಂದದ್ದಕ್ಕೆ, "ಆ ದುಡ್ಡಿಗೆ ಇಲ್ಲಿ ಎಷ್ಟು ತೆಂಗಿನಕಾಯಿ ಬರುತ್ತದೆ?" ಅಂತ ಲೆಕ್ಕ ಶುರು ಮಾಡಿದರು.

ಓಗಾಸ್ ಕ್ಯಾಂಟೀನಾ ಮದ್ಯ ಸಿಗುವ ಜಾಗ. ಡಿಸ್ನಿಲ್ಯಾಂಡಿನೊಳಗೆ ಎಲ್ಲರಿಗೂ ಮದ್ಯ ಕೊಡಲು ಶುರುವಾದದ್ದೇ ಅಲ್ಲಿಂದ. ಅಭಿಮಾನಿಗಳಿಗೆ ಪ್ರೀತಿ ಮಾತ್ರ ಅಲ್ಲಿನ ಡಿಜೆ ರೋಬೋಟಿನ ಮೇಲೆ. ಅದು 1987ರ ಸ್ಟಾರ್ ಟೂರ್ಸ್ ರೈಡಿನ ಹಳೇ ಪೈಲಟ್ ರೆಕ್ಸ್, ಈಗ ಹಾಡು ಹಾಕುತ್ತಾನೆ.

ಬರೀ ಹೊಗಳಿಕೆ ಕಂಡರೆ

ಫ್ಲೋರಿಡಾದಲ್ಲಿ ಇದೇ ಲೋಕದ ಒಂದು ಹೋಟೆಲ್ ತೆರೆದಿದ್ದರು, ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್. 2022ರ ಮಾರ್ಚ್ 1ಕ್ಕೆ ಶುರು. ಇಬ್ಬರಿಗೆ ಎರಡು ರಾತ್ರಿಗೆ ಸುಮಾರು 4,800 ಡಾಲರಿನಿಂದ ಮೇಲೆ. ಹೋಗಿ ಬಂದವರು ಬಾಯಿ ತುಂಬ ಹೊಗಳಿದರು. 2023ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು. ಅಷ್ಟು ಕೊಟ್ಟು ಹೋಗುವವನು ಮೊದಲೇ ಅರ್ಧ ಮೆಚ್ಚಿರುತ್ತಾನೆ ಅಲ್ವಾ? ಬೆಲೆ ನೋಡಿಯೇ ಹಿಂದೆ ಸರಿದವರು ವಿಡಿಯೊ ಮಾಡುವುದಿಲ್ಲ. ಇಂಥ ಜಾಗ ಕಂಡರೆ, ಹೋಗದವರು ಯಾಕೆ ಹೋಗಲಿಲ್ಲ ಅಂತಲೂ ಹುಡುಕಿ ಓದಿ.

ವಾಪಸ್ ಬರುವಾಗ

ಇದು ಅಭಿಮಾನಿಗಳ ವಿಡಿಯೊಗಳಲ್ಲಿ ಕಡಿಮೆ, ನನ್ನಂಥವರ ತಲೆನೋವಿನಲ್ಲಿ ಜಾಸ್ತಿ. ಅಲ್ಲಿ ಕೋಕಾ-ಕೋಲಾ ಗುಂಡನೆಯ ಬಾಟಲಿಯಲ್ಲಿ ಬರುತ್ತದೆ, ಸಿನಿಮಾದ ಥರ್ಮಲ್ ಡೆಟೊನೇಟರ್ ಬಾಂಬಿನ ಆಕಾರ. ಎಲ್ಲರೂ ನೆನಪಿಗೆ ಇಟ್ಟುಕೊಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಅಮೆರಿಕದ ವಿಮಾನ ಭದ್ರತೆಯವರು ಇದನ್ನು ತರಲೇಬಾರದು ಅಂದರು. ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ನಿಯಮ ಸಡಿಲ ಮಾಡಿದರು. ಆದರೆ ಅದು ಅವರ ನಿಯಮ. ದೋಹಾದಲ್ಲೋ ಅಬುಧಾಬಿಯಲ್ಲೋ ವಿಮಾನ ಬದಲಿಸುವಾಗ ಸ್ಕ್ಯಾನರ್ ಎದುರು ಕೂತವರಿಗೆ ಸ್ಟಾರ್ ವಾರ್ಸ್ ಕಥೆ ಹೇಳಲು ಹೋಗಬೇಡಿ. ಕುಡಿದು ಮುಗಿಸಿ, ಅಲ್ಲೇ ಒಂದು ಫೋಟೊ ತೆಗೆದು, ಬಾಟಲಿಯನ್ನು ಮಗನ ಮನೆಯ ಶೋಕೇಸಿನಲ್ಲಿ ಬಿಟ್ಟು ಬನ್ನಿ. ಲೈಟ್‌ಸೇಬರ್ ಕೊಂಡರೆ ಮೊದಲೇ ಸೂಟ್‌ಕೇಸಿನ ಉದ್ದ ಅಳೆದು ನೋಡಿ, ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲೇ ಹಾಕಿ.